ಕಥೆಯೊಳಗಿನ ಹೆಂಗಸು ಕಿರಾಣಿ ತರಬಾರದೆ?

ಓದುಗರ ಪತ್ರ:

ಮಾನ್ಯ ಸಂಪಾದಕರೆ, ದೀಪಾವಳಿ ಸಂಚಿಕೆಯ ಮೊದಲ ಕಥೆ ಓದಿ ಬೇಜಾರಾಯಿತು. ಅದರ ನಾಯಕಿ ಒಬ್ಬ ಟ್ರಾನ್ಸ್ ಹೆಣ್ಣುಮಗಳು. ಅಂಥವರ ಬಗ್ಗೆ ನನಗೆ ಕನಿಕರವಿದೆ. ಆದರೆ ಈಕೆ ಬಾಡಿಗೆ ವಿಷಯಕ್ಕೆ ಸ್ವಂತ ತಂಗಿಯ ಜೊತೆ ಜಗಳ ಆಡುತ್ತಾಳೆ. ಚೀಟಿ ದುಡ್ಡಿನಲ್ಲಿ ಸುಳ್ಳು ಹೇಳುತ್ತಾಳೆ. ಓದಿ ಮುಗಿಸಿದರೆ ಕಣ್ಣಲ್ಲಿ ಒಂದು ಹನಿ ನೀರು ಬರುವುದಿಲ್ಲ. ನೊಂದವರ ಕಥೆ ಹೀಗಿರಬೇಕೆ? ಈಚಿನ ಕಥೆಗಳ ಹೆಂಗಸರೂ ಹೀಗೆಯೇ, ಬಾಯಿ ಜೋರು. ಹಿಂದಿನ ಕಾದಂಬರಿಗಳ ತಾಯಂದಿರು ಎಲ್ಲಿ ಹೋದರು? ಇನ್ನೊಂದು ಮಾತು. ಕಥೆ ತುಂಬ ನಮ್ಮ ಕಡೆಯ ಆಡುಮಾತೇ ಇದೆ. ಬೇರೆ ಜಿಲ್ಲೆಯವರಿಗಾಗಿ ಕೊನೆಯಲ್ಲಿ ಪದಗಳ ಅರ್ಥ ಕೊಡಬಾರದೆ?
– ಒಬ್ಬ ನಿವೃತ್ತ ಶಿಕ್ಷಕ, ಸೇಡಂ

ಸಂಪಾದಕರ ಉತ್ತರ:

ಮಾಸ್ತರರೆ,

ನಿಮ್ಮ ಪತ್ರ ಇದಕ್ಕಿಂತ ಉದ್ದವಿತ್ತು, ಜಾಗದ ಕಾರಣಕ್ಕೆ ಇಷ್ಟೇ ಹಾಕಿದ್ದೇವೆ. ಇಷ್ಟು ಕಾಳಜಿಯಿಂದ ಓದಿ, ಕೈಯಾರೆ ಬರೆದು, ಅಂಚೆಗೆ ಹಾಕುವ ಓದುಗರು ಇರುವುದರಿಂದಲೇ ನಮ್ಮಂಥ ಸಣ್ಣ ಪತ್ರಿಕೆ ಕಲಬುರಗಿಯಲ್ಲಿ ಇನ್ನೂ ನಡೆಯುತ್ತಿದೆ. ನೀವು ಹೇಳಿದ್ದರಲ್ಲಿ ನಿಜವೇ ಇಲ್ಲ ಎನ್ನಲಾರೆ. ನೊಂದವರ ನೋವನ್ನು ಸಾಹಿತ್ಯ ಹೇಳಲೇಬೇಕು. ಕಥೆ ಓದಿ ಒಬ್ಬರ ಕಣ್ಣು ಒದ್ದೆಯಾದರೆ ಅದು ಸಣ್ಣ ವಿಷಯವಲ್ಲ. ಇಷ್ಟು ಒಪ್ಪಿಕೊಂಡು ಮುಂದಿನದು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಮಗೆ ಬರುವ ಕಥೆಗಳನ್ನು ನೀವು ಒಮ್ಮೆ ಓದಬೇಕು. ಟ್ರಾನ್ಸ್ ಹೆಣ್ಣುಮಕ್ಕಳು ಬರುವ ಕಥೆಗಳಲ್ಲಿ ಮುಕ್ಕಾಲು ಪಾಲು ರೈಲಿನಲ್ಲೇ ನಡೆಯುತ್ತವೆ. ರೈಲು ವಾಡಿ ಬಿಡುತ್ತದೆ. ಚಪ್ಪಾಳೆ ಕೇಳುತ್ತದೆ. ಕಥಾನಾಯಕ ಮೊದಲು ಮುಖ ತಿರುಗಿಸುತ್ತಾನೆ, ಆಮೇಲೆ ಹತ್ತು ರೂಪಾಯಿ ಕೊಡುತ್ತಾನೆ. ಅವಳು ತಲೆ ಮುಟ್ಟಿ ಹರಸುತ್ತಾಳೆ. ಶಹಾಬಾದ್ ಬರುವಷ್ಟರಲ್ಲಿ ಅವಳ ಇಡೀ ಜೀವನ ಎರಡು ಪ್ಯಾರಾದಲ್ಲಿ ಮುಗಿದಿರುತ್ತದೆ. ಕಲಬುರಗಿಯಲ್ಲಿ ಇವನು ಇಳಿಯುವಾಗ ಇವನ ಮನಸ್ಸು ಕರಗಿರುತ್ತದೆ. ಅವಳು ಎಲ್ಲಿ ಇಳಿದಳು, ರಾತ್ರಿ ಏನು ಉಂಡಳು, ಮನೆಗೆ ಹೋಗಿ ಯಾರ ಜೊತೆ ಮಾತಾಡಿದಳು? ಕಥೆಗಾರನಿಗೆ ಬೇಕಾಗಿಲ್ಲ. ಇವನ ಮನಸ್ಸು ಕರಗಿಸುವುದಷ್ಟೇ ಅವಳಿಗೆ ಕೊಟ್ಟ ಕೆಲಸ. ಇನ್ನೊಂದು ಬಗೆಯ ಕಥೆಯಲ್ಲಿ ಅವಳು ಕೊನೆಗೆ ಸಾಯುತ್ತಾಳೆ. ಇವನು ಹೂವು ಹಾಕುತ್ತಾನೆ.

ಹೆಂಗಸರ ಕಥೆಗಳೂ ಬೇರೆಯಲ್ಲ. ತಾಯಿ ರೊಟ್ಟಿ ಬಡಿಯುತ್ತಾ ಅಳುತ್ತಾಳೆ, ಕಣ್ಣೀರು ಹಿಟ್ಟಿಗೆ ಬೀಳುತ್ತದೆ. ಈ ಸಾಲು ಬರೆದವರು ಜೋಳದ ರೊಟ್ಟಿ ಬಡಿಯುವುದನ್ನು ಕೂತು ನೋಡಿದ್ದಾರಾ? ಕುದಿಯುವ ನೀರು ಹಾಕಿ ಹಿಟ್ಟು ಕಲಸಬೇಕು. ಕೈ ಸುಡುತ್ತಿರುವಾಗಲೇ ಅಂಗೈ ಬುಡದಿಂದ ಜಿಗುಟು ಬರುವ ತನಕ ನಾದಬೇಕು. ಒಣ ಹಿಟ್ಟು ಉದುರಿಸಿ, ಬಡಿಯುತ್ತಾ ತಿರುಗಿಸುತ್ತಾ ಇರಬೇಕು. ಕೈ ನಿಂತರೆ ಅಂಚು ಬಿರಿಯುತ್ತದೆ. ಇದರ ನಡುವೆ ಹಂಚಿನ ಮೇಲಿನದಕ್ಕೆ ನೀರು ಸವರಬೇಕು, ಆರುತ್ತಿದ್ದ ಹಾಗೆ ತಿರುವಬೇಕು. ಕೈಚಳಕ ಬೇಡುವ ಕೆಲಸ ಅದು. ಈಗ ನಮ್ಮೂರಲ್ಲಿ ಎಷ್ಟೋ ಹೆಂಗಸರ ಸಂಪಾದನೆಯೂ ಹೌದು. ಖಾನಾವಳಿಗೆ ಎಣಿಸಿ ಕೊಡುತ್ತಾರೆ, ಬಾಕಿ ಬರೆದಿಟ್ಟುಕೊಳ್ಳುತ್ತಾರೆ, ಕೊಡದವರ ಮನೆ ಮುಂದೆ ನಿಂತು ಕೇಳುತ್ತಾರೆ. ಕಥೆಯಲ್ಲಿ ಮಾತ್ರ ಆ ಹೆಂಗಸು ದುಡ್ಡು ಮುಟ್ಟುವುದಿಲ್ಲ, ಕಣ್ಣೀರೊಂದೇ.

ನಿಮ್ಮ ಪತ್ರ ಓದುವಾಗ ನನಗೆ ಒಬ್ಬರ ನೆನಪಾಯಿತು. ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿಗೆ ಕಾಗದ ಜೋಡಿಸಲು ಪಕ್ಕದ ಝೆರಾಕ್ಸ್ ಅಂಗಡಿಗೆ ಬಂದಿದ್ದರು. ಕರೆಂಟ್ ಹೋಗಿತ್ತು, ಬಿಸಿಲು ಜಾಸ್ತಿ ಇತ್ತು. ನಮ್ಮ ಕಚೇರಿಯಲ್ಲಿ ಕೂರಲು ಹೇಳಿದೆವು. ಮೇಜಿನ ಮೇಲಿದ್ದ ಹಳೆಯ ಸಂಚಿಕೆ ತಿರುವಿ, ಒಂದು ಕಥೆ ಪೂರ್ತಿ ಓದಿದರು. ಆಮೇಲೆ ಕೇಳಿದರು: "ಸರ, ನಿಮ್ಮ ಕಥ್ಯಾಗ ನಾವು ಬಂದೀವಂದ್ರ ಸಾಯ್ತೀವಿ, ಇಲ್ಲಾ ಆಶೀರ್ವಾದ ಮಾಡ್ತೀವಿ. ಒಂದ್ ಕಥ್ಯಾಗರ ಕಿರಾಣಿ ತರಂಗಿಲ್ಲೇನ್ರಿ?" ಕರೆಂಟ್ ಬರುವ ತನಕ ಅವರು ಆಡಿದ್ದೆಲ್ಲ ಮನೆ ಮಾತು. ಮಾಲೀಕ ಅಡ್ವಾನ್ಸ್ ಜಾಸ್ತಿ ಕೇಳುತ್ತಿದ್ದಾನೆ. ಜೊತೆಗಿರುವವಳು ಸಿಲಿಂಡರ್ ಬುಕ್ ಮಾಡಲು ಮರೆಯುತ್ತಾಳೆ. "ತೊಗರಿ ಬೆಳಿಯೋ ಊರಾಗ ಬ್ಯಾಳಿ ರೇಟ್ ಹಿಂಗ್ಯಾಕ್ರಿ?" ಇದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಾವೆಲ್ಲ ಒಟ್ಟಿಗೆ ವ್ಯಾಪಾರಿಗಳನ್ನು ಬೈದೆವು.

ಅಂಥ ಮಾತು ಇರುವ ಮೊದಲ ಕಥೆ ನಮಗೆ ಬಂದಾಗ ಅದನ್ನು ದೀಪಾವಳಿ ಸಂಚಿಕೆಯ ಮೊದಲ ಪುಟಕ್ಕೆ ಹಾಕಿದೆ. ನಿಮಗೆ ಬೇಸರ ತಂದದ್ದು ಅದೇ ಕಥೆ. ಆ ನಾಯಕಿ ಸುಳ್ಳು ಹೇಳುತ್ತಾಳೆ, ಹೌದು. ಚೀಟಿ ಎತ್ತಿದ ದುಡ್ಡನ್ನು ತಂಗಿಗೆ ಕೊಡಬಾರದೆಂದು ಮುಚ್ಚಿಡುತ್ತಾಳೆ. ಕಷ್ಟದ ದುಡ್ಡು ಮುಚ್ಚಿಟ್ಟು ಸುಳ್ಳು ಹೇಳುವ ಅಣ್ಣ ಕಥೆಯಲ್ಲಿ ಬಂದರೆ ಅವನನ್ನು ಮನುಷ್ಯಸಹಜ ಪಾತ್ರ ಅನ್ನುತ್ತೇವೆ, ಅಲ್ವಾ? ಇವಳಿಗೆ ಮಾತ್ರ ಸಂತಳಾಗಿರುವ ಷರತ್ತು ಯಾಕೆ?

ಹಳೆಯ ಕಥೆಗಳು ನಮಗಿಂತ ಧಾರಾಳಿಗಳು. ಶಿಖಂಡಿಯನ್ನೇ ತೆಗೆದುಕೊಳ್ಳಿ. ಹೆಣ್ಣಾಗಿ ಹುಟ್ಟಿ ಗಂಡಾದವನು, ಅಂದರೆ ನಾವು ಮಾತಾಡುತ್ತಿರುವವರ ಎದುರು ದಾರಿಯವನು. ಭೀಷ್ಮನ ಮುಂದೆ ರಥದಲ್ಲಿ ನಿಂತದ್ದು ಬಿಟ್ಟರೆ ನಮಗೆ ಇನ್ನೇನು ಗೊತ್ತು? ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಅವನಿಗೆ ಒಂದು ದೊಡ್ಡ ಬದುಕಿದೆ. ಹೆಣ್ಣೆಂಬುದನ್ನು ಮುಚ್ಚಿಟ್ಟು ದ್ರುಪದ ಗಂಡಿನಂತೆ ಬೆಳೆಸುತ್ತಾನೆ. ದ್ರೋಣನ ಬಳಿ ಬಿಲ್ವಿದ್ಯೆ ಆಗುತ್ತದೆ. ದಶಾರ್ಣದ ರಾಜಕುಮಾರಿಯ ಜೊತೆ ಮದುವೆಯಾಗುತ್ತದೆ. ವಿಷಯ ಬಯಲಾಗಿ ಮಾವ ಹಿರಣ್ಯವರ್ಮ ದಂಡೆತ್ತಿ ಬರುತ್ತಾನೆ. ತಾಯಿ ತಂದೆಗೆ ತನ್ನಿಂದ ಸಂಕಟ ಬಂತೆಂದು ಶಿಖಂಡಿ ಕಾಡಿಗೆ ಹೋಗುತ್ತಾನೆ. ಅಲ್ಲಿ ಸ್ಥೂಣಾಕರ್ಣನೆಂಬ ಯಕ್ಷ ತನ್ನ ಗಂಡುತನ ಕೊಡುತ್ತಾನೆ. ಮದುವೆ, ಬೀಗರ ಜಗಳ, ಅಪ್ಪನ ಸುಳ್ಳು, ಗೆಳೆತನ ಎಲ್ಲ ಇದೆ. ನಾವು ಅದನ್ನೆಲ್ಲ ಕತ್ತರಿಸಿ ರಥದ ಮುಂದಿನ ಅಡ್ಡಪರದೆ ಒಂದನ್ನೇ ಉಳಿಸಿಕೊಂಡೆವು. ಸಾಲದ್ದಕ್ಕೆ ಆ ಹೆಸರನ್ನೇ ಬೈಗುಳ ಮಾಡಿದೆವು.

ನಮ್ಮ ನೆಲದವರನ್ನೂ ಹೀಗೇ ಕತ್ತರಿಸಿದ್ದೇವೆ. ಜೇಡರ ದಾಸಿಮಯ್ಯ ಯಾದಗಿರಿ ಜಿಲ್ಲೆಯ ಮುದನೂರಿನವನು. ಮೊಲೆ ಮುಡಿ ಬಂದರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡೆನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದು ನೇಯ್ಗೆಯ ಮಗ್ಗದ ಮುಂದೆ ಕೂತು ಹೇಳಿದ. ಆ ವಚನವನ್ನು ಸಭೆಗಳಲ್ಲಿ ಕಣ್ಮುಚ್ಚಿ ಹಾಡುತ್ತೇವೆ. ಮನೆಗೆ ಬಂದು ಕಥೆ ಬರೆಯುವಾಗ ಮೊದಲ ಸಾಲು ಯಾವುದು? ಪೌಡರ್ ಕೆಳಗೆ ಕಾಣುತ್ತಿದ್ದ ಗಡ್ಡದ ಕುರುಹು.

ಬಸವಕಲ್ಯಾಣದ ಕಡೆ ಹೋದರೆ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಈಸಕ್ಕಿಯ ಆಸೆ ನಿಮಗೇಕೆ ಎಂದು ಕೇಳಿ, ಅಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದಳು. ಬಾಯಿ ಜೋರೇ ಅವಳದು, ಮಾಸ್ತರರೆ. ಗಂಡನಿಗೆ ಲೆಕ್ಕ ಕೇಳಿದ ಈ ಹೆಂಗಸನ್ನು ನಾವು ನಾಟಕದಲ್ಲಿ ತಲೆ ತಗ್ಗಿಸಿ ನಿಂತ ಆದರ್ಶ ಪತ್ನಿ ಮಾಡುತ್ತೇವೆ. ಹಿಂದಿನ ತಾಯಂದಿರು ಎಲ್ಲಿ ಹೋದರು ಎಂದು ಕೇಳಿದ್ದೀರಿ. ಅವರಲ್ಲಿ ಇವಳನ್ನೂ ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದೇನೆ.

ಕಾನೂನು ನೋಡಿದ್ದೂ ಮೈ ಮತ್ತು ಸೀರೆಯನ್ನೇ. ನಮ್ಮ ಕಲಬುರಗಿ, ಬೀದರ್ ನಿಜಾಮರ ಆಡಳಿತದಲ್ಲಿದ್ದಾಗ, 1919ರಲ್ಲಿ, ಹಿಜಡಾ ಸಮುದಾಯದ ಮೇಲೊಂದು ಕಾಯ್ದೆ ಬಂತು. ಹೈದರಾಬಾದ್ ನಗರದಲ್ಲಿ ಮತ್ತು ಸರ್ಕಾರ ಹೇಳಿದ ಬೇರೆ ಊರುಗಳಲ್ಲಿ ಇರುವ, ಪೊಲೀಸರಿಗೆ ಸಂಶಯ ಬಂದವರ ಹೆಸರು ರಿಜಿಸ್ಟರ್‌ನಲ್ಲಿ ಬರೆಯಬೇಕು. ಹಾಗೆ ಹೆಸರು ಬರೆಸಿಕೊಂಡವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಹಾಡಿ ಕುಣಿದರೆ ವಾರಂಟ್ ಇಲ್ಲದೆ ಹಿಡಿಯಬಹುದು. 2 ವರ್ಷದವರೆಗೆ ಜೈಲು. ತೆಲಂಗಾಣ ಹೈಕೋರ್ಟ್ ಇದನ್ನು ರದ್ದು ಮಾಡಿದ್ದು 2023ರ ಜುಲೈಯಲ್ಲಿ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೂ 2011ರಲ್ಲಿ 36ಎ ಎಂಬ ಕಲಂ ಸೇರಿಸಿ ಅಂಥದ್ದೇ ರಿಜಿಸ್ಟರ್ ಇಡಲು ದಾರಿ ಮಾಡಿದ್ದರು. ಸಮುದಾಯದವರು ಹೋರಾಡಿದ ಮೇಲೆ ಅದರ ಮಾತು ಬದಲಾಯಿತು. ಉಡುಗೆ, ಮೀಸೆಯ ಕುರುಹು, ದನಿ ಇಷ್ಟನ್ನೇ ಬರೆದು ಹೆಸರು ಕೇಳದೆ ಬಿಡುವ ಕಥೆಗಾರ ಯಾವ ರಿಜಿಸ್ಟರ್ ತುಂಬುತ್ತಿದ್ದಾನೆ, ನೀವೇ ಹೇಳಿ.

ಬದುಕು ಮಾತ್ರ ಕಥೆಗಿಂತ ಮುಂದೆ ಹೋಗಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ, ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1ರಷ್ಟು ಮೀಸಲು ಕೊಟ್ಟ ಮೊದಲ ರಾಜ್ಯ ನಮ್ಮದು. ನೌಕರಿಗೆ ಅರ್ಜಿ ಹಾಕಿ, ಹಾಲ್ ಟಿಕೆಟ್‌ನಲ್ಲಿ ಹಳೆಯ ಹೆಸರು ಬಂದಿದೆಯೆಂದು ಒದ್ದಾಡುವ ಹುಡುಗಿಯ ಕಥೆ ಈ ತನಕ ನನ್ನ ಮೇಜಿಗೆ ಬಂದಿಲ್ಲ. ಬೇಕಿದ್ದರೆ ಕಲಿಯಲು ಪುಸ್ತಕಗಳೂ ಇವೆ. ಟ್ರಾನ್ಸ್ ಲೇಖಕಿ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರಿಂದ 'ಬದುಕು ಬಯಲು' ಆಗಿ ಕನ್ನಡಕ್ಕೆ ಬಂತು, ನಾಟಕವೂ ಆಯಿತು. ಟ್ರಾನ್ಸ್ ಕಲಾವಿದೆ ಜೋಗತಿ ಮಂಜಮ್ಮನವರನ್ನು ನೋಡಿ. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ಎಲ್ಲರ ಫೋನಿನಲ್ಲಿ ಓಡಿತು. ಅದಕ್ಕೂ ಮೊದಲೇ, 2019ರಿಂದ, ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಕಡತ ಓದಿ, ಸಭೆ ನಡೆಸಿ, ಸಹಿ ಹಾಕುತ್ತಿದ್ದರು. ಹರಸುವ ಕೈ ನೆನಪಿರುತ್ತದೆ, ಸಹಿ ಹಾಕುವ ಕೈ ಯಾರಿಗೂ ನೆನಪಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಈಗ ಆಡುಮಾತಿನ ವಿಷಯ. ಇದೂ ಬೇರೆ ವಿಷಯ ಅಂತ ನನಗೆ ಅನಿಸುವುದಿಲ್ಲ. ಕನ್ನಡ ಸಿನಿಮಾದಲ್ಲಿ ನಮ್ಮ ಕಲಬುರಗಿ ಮಾತು ಯಾರ ಬಾಯಲ್ಲಿ ಬರುತ್ತದೆ? ನಗಿಸುವವನ ಬಾಯಲ್ಲಿ, ವಾಚ್‌ಮನ್ ಬಾಯಲ್ಲಿ, ಕಟ್ಟಡ ಕೆಲಸಕ್ಕೆ ಗುಳೆ ಹೋದವಳ ಬಾಯಲ್ಲಿ. ನಾಯಕ ಪ್ರೀತಿ ಹೇಳುವಾಗ ಈ ಭಾಷೆ ಸಾಲುವುದಿಲ್ಲ. ನಮ್ಮ ಭಾಗ ಕಥೆಯಲ್ಲಿ ಬಂದರೆ ಬಿಸಿಲು, ಬರ, ಕೆಂಪು ಬಸ್ಸು, ಮುಗಿಯಿತು. ಇಲ್ಲಿಯ ಒಬ್ಬ ಯುವ ಲೇಖಕಿಗೆ ದೂರದ ಪ್ರಕಾಶಕರೊಬ್ಬರು, ನಾಯಕಿಯ ಮಾತು ಸ್ವಲ್ಪ ಸರಿ ಮಾಡಿ, ಕೆಲಸದಾಕೆಯದು ಹಾಗೇ ಇರಲಿ ಎಂದು ಬರೆದರಂತೆ. ಆ ಪತ್ರವನ್ನು ನಾನೇ ನೋಡಿದ್ದೇನೆ. ಬೇರೆಯವರ ಕಥೆಗೆ ಹಿನ್ನೆಲೆಯಾಗಿ ನಿಲ್ಲುವುದು ಎಂದರೇನು ಎಂದು ನಮ್ಮ ಭಾಗದವರಿಗೆ ಯಾರೂ ಕಲಿಸಬೇಕಾಗಿಲ್ಲ. ಅದಕ್ಕೇ ನಾವೇ ಇನ್ನೊಬ್ಬರನ್ನು ಹಾಗೆ ನಿಲ್ಲಿಸಿದಾಗ ನನಗೆ ಜಾಸ್ತಿ ನೋವಾಗುತ್ತದೆ.

ಗೀತಾ ನಾಗಭೂಷಣ ಇದೇ ಊರಿನಲ್ಲಿ ಕೂತು ಇದೇ ಮಾತಿನಲ್ಲಿ ಬರೆದರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಹೆಂಗಸರು ದುಡಿಯುತ್ತಾರೆ, ಬಯಸುತ್ತಾರೆ, ಬೈಯುತ್ತಾರೆ, ತಪ್ಪು ಮಾಡುತ್ತಾರೆ. ಅವರ ಪುಸ್ತಕ ನಿಮ್ಮ ಕಪಾಟಿನಲ್ಲಿ ಇದ್ದೇ ಇರುತ್ತದೆ. ದೀಪಾವಳಿ ಕಥೆಯನ್ನು ಅದರ ಪಕ್ಕ ಇಟ್ಟು ಇನ್ನೊಮ್ಮೆ ಓದಿ. ಆ ಕಥೆಯ ಲೇಖಕಿ ಎಲ್ಲಿಂದ ಬಂದಳು ಎಂದು ಗೊತ್ತಾಗುತ್ತದೆ.

ಪದಗಳ ಅರ್ಥದ ಪಟ್ಟಿ ಕೇಳಿದ್ದೀರಿ. ಮಳಖೇಡ ನಿಮ್ಮ ಸೇಡಂ ತಾಲ್ಲೂಕಿನದೇ. ಕವಿರಾಜಮಾರ್ಗ ಹುಟ್ಟಿದ್ದು ಅಲ್ಲಿಯ ರಾಷ್ಟ್ರಕೂಟರ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ. ದೇಸಿ ಬೇರೆ ಬೇರೆ ಆಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಎಣಿಸಲು ಹೋದರೆ ಸರ್ಪರಾಜ ವಾಸುಕಿಗೂ ಬೇಸರವಾಗುತ್ತದೆ ಎಂದು ಅದರಲ್ಲಿದೆ. ಮಕ್ಕಳಿಗೆ ನೀವೇ ಪಾಠ ಮಾಡಿರುತ್ತೀರಿ. ಮೈಸೂರು ಸೀಮೆಯ ಕಥೆ ಓದುವಾಗ ನಾವು ಯಾವ ಪಟ್ಟಿಯನ್ನೂ ಕೇಳದೆ ಅವರ ಮಾತು ಕಲಿತೆವು. ಅವರೂ ನಮ್ಮದನ್ನು ಕಲಿಯಲಿ. ಪಟ್ಟಿ ಹಾಕುವುದಿಲ್ಲ.

ದೀಪಾವಳಿ ಕಥೆಯ ಲೇಖಕಿಯ ಇನ್ನೊಂದು ಕಥೆ ಯುಗಾದಿ ಸಂಚಿಕೆಗೆ ಬಂದಿದೆ. ಅದರಲ್ಲಿ ಅಕ್ಕ ತಂಗಿ ಇಬ್ಬರೂ ಸೇರಿ ಗಂಜ್ ಮಾರುಕಟ್ಟೆಯ ಹಿಂದೆ ಒಂದು ಮಳಿಗೆ ಹಿಡಿಯುತ್ತಾರೆ, ಮತ್ತೆ ಜಗಳ ಆಡುತ್ತಾರೆ. ಓದಿ ಬರೆಯಿರಿ. ನಿಮ್ಮ ಪತ್ರವನ್ನು ಆಗಲೂ ಹಾಕುತ್ತೇವೆ.

– ಸಂಪಾದಕ