ಓದುಗರ ಪ್ರಶ್ನೆ: ಪಿಟೀಲಿಗೆ ಐರಿಷ್ ಜಿಗ್ ಒಗ್ಗುವುದು ಹೇಗೆ?

ಪ್ರಶ್ನೆ: ಮಗಳು ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ. ‘ಐರಿಷ್ ವಾಷರ್‌ವುಮನ್’ ಎಂಬ ಜಿಗ್‌ಗೆ (ಕುಣಿತದ ಮಟ್ಟಿಗೆ) ಸ್ವರ ಹಾಕಿಕೊಂಡು ನುಡಿಸುತ್ತಾಳೆ. ಸ್ವರ ತಪ್ಪಿಲ್ಲ, ಆದರೂ ಕುಣಿತದ ಕಳೆ ಬರುತ್ತಿಲ್ಲ. ಯಾಕೆ? ಇದು ಐರ್ಲೆಂಡಿನಲ್ಲೇ ಹುಟ್ಟಿದ ಮಟ್ಟೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೊದಲು ತಾಳ ಯಾವುದು ಹಾಕುತ್ತಿದ್ದಾಳೆ ನೋಡಿ. ಮೂರು ಮೂರು ಸ್ವರದ ಗುಂಪು ಕಂಡರೆ ಕೈ ಮೂರೆಣಿಕೆಯ ರೂಪಕ ತಾಳಕ್ಕೆ ಹೋಗುತ್ತದೆ, ಲಯ ಕೆಡುವುದು ಅಲ್ಲೇ. ಇದು 6/8ರ ಡಬಲ್ ಜಿಗ್. ಒಂದು ಬಾರ್‌ಗೆ (ಸ್ವರಲಿಪಿಯ ಎರಡು ಗೆರೆಗಳ ನಡುವಿನ ಅಳತೆಗೆ) ಎರಡೇ ಪೆಟ್ಟು, ಪೆಟ್ಟಿಗೆ ಮೂರು ಸ್ವರ. ತಿಶ್ರ ನಡೆಯ, ಅಂದರೆ ಪೆಟ್ಟಿಗೆ ಮೂರೆಣಿಕೆಯ, ಆದಿತಾಳ ಹಾಕಿಸಿ: 8 ಬಾರ್‌ನ ಒಂದು ಭಾಗ ತಾಳದ ಎರಡು ಆವರ್ತಕ್ಕೆ (ಸುತ್ತಿಗೆ) ಸರಿಯಾಗಿ ಮುಗಿಯುತ್ತದೆ. ಎರಡೂ ಭಾಗಗಳನ್ನು ಎರಡೆರಡು ಸಲ ನುಡಿಸಬೇಕು, ಒಟ್ಟು 32 ಬಾರ್.

ಎತ್ತುಗಡೆ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಮುಂಚೆ, ಅಂದರೆ ಅತೀತ ಗ್ರಹ. ಜಿ ಮೇಜರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯ ಈ ಮಟ್ಟು ನಮ್ಮ ಶಂಕರಾಭರಣ ರಾಗದ ಸ್ವರಗಳಲ್ಲೇ ಇದೆ:

ಪ ಮ | ಗ ಸ ಸ, ಪ ಸ ಸ | ಗ ಸ ಗ, ಪ ಮ ಗ | ಮ ರಿ ರಿ, ಧ ರಿ ರಿ | ಮ ರಿ ಮ, ಧ ಪ ಮ |

ಇಲ್ಲಿ ಮೊದಲ ಬಾರ್‌ನ ‘ಪ’, ಮೂರನೆಯದರ ‘ಧ’ ಮಂದ್ರದವು (ಕೆಳಗಿನ ಸ್ಥಾಯಿಯವು).

ಮೂರೂ ಸ್ವರಗಳನ್ನು ಸಮ ಅಳತೆಗೆ ಎಳೆದರೆ ಮೊದಲ ಪಾಠದ ಸರಳೆ ವರಸೆ ಕೇಳಿದಂತಾಗುತ್ತದೆ. ಮೊದಲನೆಯದು ತುಸು ಉದ್ದ, ಒತ್ತು ಅದಕ್ಕೇ. ನಡುವಿನದು ಹಗುರ. ಉದ್ದ ಕಮಾನಿನಲ್ಲಿ ಐದಾರು ಸ್ವರ ಜೋಡಿಸುವ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಕಮಾನಿನ ಮಧ್ಯಭಾಗದಲ್ಲಿ ಗೇಣಿಗೂ ಕಮ್ಮಿ ಎಳೆತ, ಹೆಚ್ಚಿನ ಸ್ವರಗಳಿಗೆ ಬೇರೆ ಬೇರೆ ಎಳೆತ ಸಾಕು. ಸ್ವರವನ್ನು ತೂಗಿಸುವ, ಜಾರಿಸುವ ಗಮಕ ಬೇಡವೇ ಬೇಡ. ಅದರ ಜಾಗದಲ್ಲಿ ಅವರಿಗೆ ‘ರೋಲ್’ ಇದೆ: ಒಂದು ಪೆಟ್ಟಿನೊಳಗೆ ಗ-ಮ-ಗ-ರಿ-ಗ. ಮ, ರಿ ಎರಡನ್ನೂ ಬೆರಳು ತಾಗಿಸಿ ಬಿಡಬೇಕಷ್ಟೆ, ನಿಲ್ಲಿಸಬಾರದು.

ಎರಡನೆಯ ಭಾಗದಲ್ಲಿ ‘ಧ ಸ ಸ, ಪ ಸ ಸ, ಮ ಸ ಸ, ಗ ಸ ಸ’ ಎಂಬ ಇಳಿಕೆಯಿದೆ, ಇಲ್ಲಿ ‘ಸ’ ತಾರದ್ದು (ಮೇಲಿನ ಸ್ಥಾಯಿಯದು). ಧ, ಪ ಪಂಚಮದ ತಂತಿಯಲ್ಲೇ ಸಿಗುತ್ತವೆ. ಮ, ಗ ಬಂದಾಗ ಕಮಾನು ಪಕ್ಕದ ಷಡ್ಜದ ತಂತಿಗೆ ಹಾರಿ ಮರಳಬೇಕು. ಇಡೀ ತೋಳು ಆಡಿಸಿದರೆ ಲಯ ತಡವರಿಸುತ್ತದೆ, ಮಣಿಕಟ್ಟು ಮಾತ್ರ ಆಡಲಿ. ಈ ಎರಡು ಬಾರ್‌ಗಳನ್ನೇ ಬೇರೆ ಮಾಡಿ ನಿಮಿಷಕ್ಕೆ 60 ಪೆಟ್ಟಿನಲ್ಲಿ ಸಾಧಿಸಿ, ಆಮೇಲೆ ವೇಗ ಏರಿಸಿ. ಐರ್ಲೆಂಡಿನ ಕೂಟಗಳಲ್ಲಿ ಸುಮಾರು 120ರವರೆಗೂ ನುಡಿಸುತ್ತಾರೆ.

ಇನ್ನು ಮೂಲದ ಮಾತು. ಜಿಗ್ ಎಂಬ ಕುಣಿತ 16ನೇ ಶತಮಾನದ ಇಂಗ್ಲೆಂಡಿನಲ್ಲೇ ಬಳಕೆಯಲ್ಲಿತ್ತು. ‘ವಾಷರ್‌ವುಮನ್’ ಮಟ್ಟಿಗೂ ಹಳೆಯ ಇಂಗ್ಲಿಷ್ ನೃತ್ಯದ ಮಟ್ಟುಗಳ ಜೊತೆ ನಂಟಿದೆ ಎನ್ನುವವರಿದ್ದಾರೆ. ಹಾಗೆಂದು ಇದನ್ನು ಹೊರಗಿನದೆಂದು ತಳ್ಳುವುದು ನಮಗೆ ಒಪ್ಪಿಗೆಯಿಲ್ಲ. 18ನೇ ಶತಮಾನದಲ್ಲಿ ಊರೂರು ತಿರುಗಿ ಪಾಠ ಹೇಳಿದ ಐರ್ಲೆಂಡಿನ ನೃತ್ಯಗುರುಗಳು ಜಿಗ್ಗಿಗೆ ತಮ್ಮದೇ ಹೆಜ್ಜೆ ಕಟ್ಟಿದರು. ಅಲ್ಲಿನ ವಾದಕರು ನೂರಾರು ಹೊಸ ಮಟ್ಟು ಕಟ್ಟಿದರು. ಶಿಕಾಗೋ ನಗರದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓ’ನೀಲ್ 1903ರಲ್ಲಿ ಅಚ್ಚು ಹಾಕಿಸಿದ 1850 ಐರಿಷ್ ಮಟ್ಟುಗಳ ಸಂಗ್ರಹದಲ್ಲಿ ಜಿಗ್‌ಗಳ ರಾಶಿಯೇ ಇದೆ.

ಪ್ರಶ್ನೆ: ಇದನ್ನೇ ಕೊಳಲಿನಲ್ಲಿ ನುಡಿಸಬಹುದೇ? ಸ್ಲಿಪ್ ಜಿಗ್ ಅಂದರೆ ಬೇರೆಯೇ?
– ಓದುಗರು, ಮಂಡ್ಯ

ಉತ್ತರ: ಧಾರಾಳವಾಗಿ. ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಇದರ ಹರವು, ನಮ್ಮ ಕೊಳಲಿಗೆ ದಕ್ಕುತ್ತದೆ. ಬೆರಳು ಜಾರಿಸಬೇಡಿ, ನೇರವಾಗಿ ಎತ್ತಿ ಇಡಿ. ‘ಸ ಸ’ ಎಂದು ಒಂದೇ ಸ್ವರ ಎರಡು ಸಲ ಬಂದಲ್ಲಿ ಮೇಲಿನ ಒಂದು ಬೆರಳನ್ನು ಥಟ್ಟನೆ ಎತ್ತಿ ಮುಚ್ಚಿದರೆ ಎರಡೂ ಬೇರೆಯಾಗಿ ಕೇಳುತ್ತವೆ. ಸ್ಲಿಪ್ ಜಿಗ್ 9/8ರದ್ದು, ಬಾರ್‌ಗೆ ಮೂರು ಪೆಟ್ಟು. ಅದಕ್ಕೆ ತಿಶ್ರ ನಡೆಯಲ್ಲಿ ರೂಪಕ ಹಾಕಿಕೊಳ್ಳಿ.