ಅಮೆರಿಕದ ಹಳೆ ರೇಸಿಂಗ್ ಸೆಟ್ ಅಣ್ಣ ತರ್ತಾನಂತೆ, ತಗೊಳ್ಬಹುದಾ?

ಪ್ರಶ್ನೆ: ಸರ್, ನನ್ನದು ಸುರತ್ಕಲ್. ಹಳೆ ಮಾರುತಿ ಎಸ್ಟೀಮ್ ಕಾರ್ ಒಂದು ತಗೊಂಡು ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕ್‌ನ ಕಾರ್ ರೇಸ್) ರೆಡಿ ಮಾಡ್ತಾ ಇದ್ದೇನೆ. ಅಣ್ಣ ಇರುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಅವನ ಫ್ರೆಂಡ್ ಒಬ್ಬ ವೀಕೆಂಡ್‌ನಲ್ಲಿ ಸ್ಟಾಕ್ ಕಾರ್ ರೇಸ್ ಓಡಿಸ್ತಿದ್ದವ, ಈಗ ಬಿಟ್ಟಿದ್ದಾನೆ. ಹೆಲ್ಮೆಟ್, ಸೂಟ್, ಬೆಲ್ಟ್, ತಲೆ-ಕುತ್ತಿಗೆ ಹಿಡಿಯುವ ಹಾನ್ಸ್, ಸೀಟ್ ಎಲ್ಲಾ ಸೇರಿ ಅರ್ಧಕ್ಕಿಂತ ಕಡಿಮೆ ರೇಟಿಗೆ ಕೊಡ್ತಾನಂತೆ, ಅಣ್ಣ ಡಿಸೆಂಬರ್‌ನಲ್ಲಿ ಬರುವಾಗ ತರ್ತೇನೆ ಅಂತಾನೆ. ತಗೊಳ್ಬಹುದಾ? ಅಥವಾ ನನ್ನ ಹತ್ರ ಒಳ್ಳೆ ಬೈಕ್ ಹೆಲ್ಮೆಟ್ ಉಂಟು, ಸದ್ಯಕ್ಕೆ ಅದರಲ್ಲೇ ಸುಧಾರಿಸಿದ್ರೆ ಆಗುದಿಲ್ವಾ?

ಉತ್ತರ: ಒಟ್ಟಿಗೆ ಗೋಣಿಯಲ್ಲಿ ಕಟ್ಟಿ ತರ್ಲಿಕ್ಕೆ ಇದು ಹಲಸಿನಕಾಯಿ ಅಲ್ಲ ಮಾರಾಯ್ರೆ, ಒಂದೊಂದರ ಟ್ಯಾಗ್ ನೋಡ್ಬೇಕು. ಕೆಲವು ತಗೊಳ್ಬಹುದು, ಕೆಲವು ಪುಕ್ಕಟೆ ಕೊಟ್ರೂ ಬೇಡ.

ಮೊದ್ಲು ಬೆಲ್ಟ್. ಅದು ಬೇಡ. ಅಲ್ಲಿಯ ಸ್ಟಾಕ್ ಕಾರ್ ಬೆಲ್ಟ್‌ಗಳಲ್ಲಿ ಸಾಮಾನ್ಯವಾಗಿ ಎಸ್‌ಎಫ್‌ಐ 16.1 ಅಂತ ಟ್ಯಾಗ್ ಇರ್ತದೆ, ಎಸ್‌ಎಫ್‌ಐ ಅಂದ್ರೆ ಅಮೆರಿಕದಲ್ಲಿ ರೇಸಿಂಗ್ ಸಾಮಾನಿಗೆ ಸ್ಟ್ಯಾಂಡರ್ಡ್ ಮಾಡುವ ಸಂಸ್ಥೆ, ಆ ಬೆಲ್ಟಿನ ಆಯುಷ್ಯ ತಯಾರಾದ ತಾರೀಕಿನಿಂದ ಬರೀ 2 ವರ್ಷ. ನೋಡ್ಲಿಕ್ಕೆ ಹೊಸತರ ಹಾಗೇ ಇರ್ತದೆ, ಆದ್ರೆ ಬಿಸಿಲು ತಾಗಿ ತಾಗಿ ಪಟ್ಟಿಯ ನೂಲು ಒಳಗಿಂದಲೇ ಸೋತಿರ್ತದೆ. ಒಂದು ಸಲ ಜೋರು ಗುದ್ದು ತಿಂದ ಬೆಲ್ಟ್ ಅಂತೂ ಆಗ್ಲೇ ಎಳೆದುಕೊಂಡು ಬಿಟ್ಟಿರ್ತದೆ, ಅದು ಗುದ್ದು ತಿಂದಿದೆಯಾ ಇಲ್ವಾ ಅಂತ ನಿಮ್ಮ ಅಣ್ಣನಿಗೂ ಗೊತ್ತಿಲ್ಲ.

ಸೀಟೂ ಬೇಡ. ಇದು ಹೆಚ್ಚಿನವರಿಗೆ ಹೊಳೆಯುದೇ ಇಲ್ಲ. ಅಲ್ಲಿ ಓಡಿಸುದು ಮೊಟ್ಟೆ ಆಕಾರದ ಓವಲ್ ಟ್ರ್ಯಾಕ್‌ನಲ್ಲಿ, ಇಡೀ ರೇಸ್ ಎಡಕ್ಕೇ ತಿರುಗಿಸುದು, ಆಗ ಡ್ರೈವರ್‌ನ ತಲೆ ಭುಜ ಎಲ್ಲ ಬಲಕ್ಕೆ ಎಳೀತದೆ, ಹಾಗಾಗಿ ಕಡಿಮೆ ಬೆಲೆಯ ಅಲ್ಯೂಮಿನಿಯಂ ಸೀಟುಗಳಲ್ಲಿ ಎಷ್ಟೋ ಸಲ ಬಲಗಡೆ ಮಾತ್ರ ತಲೆಗೆ ಆಸರೆ ಇರ್ತದೆ. ನೀವು ಓಡಿಸುದು ಕೆಂಪು ಮಣ್ಣಲ್ಲಿ, ಎಡಕ್ಕೂ ಬಲಕ್ಕೂ ತಿರುಗಿಸ್ಬೇಕು, ಅದೂ ಬಲಗಡೆ ಕೂತು.

ಈಗ ಹೆಲ್ಮೆಟ್. ನಿಮ್ಮ ಬೈಕ್ ಹೆಲ್ಮೆಟ್ ಒಳ್ಳೆದೇ ಇರ್ಬಹುದು, ಬೈಕಿಗೆ. ನಮ್ಮ ಐಎಸ್‌ಐ ಮಾರ್ಕ್ ಇರುದು ಸ್ಕೂಟರ್ ಬೈಕಿಗೆ ಅಂತಲೇ. ಕಾರ್ ರೇಸಿಗೆ ಬೇಕಾದ್ದು ಸ್ನೆಲ್ ಅಂತ ಹೆಲ್ಮೆಟ್ ಟೆಸ್ಟ್ ಮಾಡುವ ಅಮೆರಿಕದ ಸಂಸ್ಥೆಯ ಎಸ್‌ಎ ಗುರುತು, ಅದೇ ಸ್ನೆಲ್‌ನ ಎಂ ಗುರುತು ಬೈಕಿನದ್ದು. ವ್ಯತ್ಯಾಸ ಎಂತ ಕೇಳಿದ್ರೆ, ಎಸ್‌ಎ ಹೆಲ್ಮೆಟಿನ ಒಳಗಿನ ಬಟ್ಟೆ ಬೆಂಕಿಗೆ ಬೇಗ ಹಿಡಿಯುದಿಲ್ಲ, ಮತ್ತೆ ರೋಲ್ ಬಾರ್‌ಗೆ, ಅಂದ್ರೆ ಕಾರ್ ಪಲ್ಟಿಯಾದ್ರೆ ಕಾಪಾಡ್ಲಿಕ್ಕೆ ಒಳಗೆ ಹಾಕುವ ಕಬ್ಬಿಣದ ಪೈಪಿಗೆ, ತಲೆ ಬಡಿದ್ರೆ ಏನಾಗ್ತದೆ ಅಂತಲೂ ಟೆಸ್ಟ್ ಮಾಡಿರ್ತಾರೆ, ಬೈಕಿನದ್ದಕ್ಕೆ ಇವೆರಡೂ ಇಲ್ಲ. ಸ್ಟಿಕ್ಕರ್ ಹೊರಗೆ ಕಾಣುದಿಲ್ಲ, ಒಳಗಿನ ಲೈನಿಂಗ್ ಸರಿಸಿದ್ರೆ ಸಿಗ್ತದೆ. ಎಸ್‌ಎ2020 ಇದ್ರೆ ಯೋಚನೆ ಮಾಡುವ, ಎಸ್‌ಎ2010 ಇದ್ರೆ ಶೋಕೇಸಲ್ಲಿ ಇಡ್ಲಿಕ್ಕೆ ಆಗ್ತದೆ. ಸುಮಾರು 5 ವರ್ಷಕ್ಕೆ ಬದಲಾಯಿಸಿ ಅಂತ ಸ್ನೆಲ್‌ನವರೇ ಹೇಳ್ತಾರೆ.

ಆದ್ರೂ ಸೆಕೆಂಡ್ ಹ್ಯಾಂಡ್ ಹೆಲ್ಮೆಟ್‌ಗೆ ನಾನು ಮನಸ್ಸು ಮಾಡುದಿಲ್ಲ. ಒಮ್ಮೆ ನನ್ನದೇ ಹೆಲ್ಮೆಟ್ ಬಾನೆಟ್ ಮೇಲಿಂದ ಜಾರಿ ಮುರಕಲ್ಲಿನ ನೆಲಕ್ಕೆ ಬಿತ್ತು, ಹೊರಗೆ ಒಂದು ಗೀರು ಅಷ್ಟೇ, ಒರೆಸಿ ಹಾಕ್ಕೊಂಡೆ, ಒಂದು ತಿಂಗಳ ನಂತರ ತೊಳೀಲಿಕ್ಕೆ ಲೈನಿಂಗ್ ತೆಗೆದ್ರೆ ಒಳಗಿನ ಥರ್ಮಾಕೋಲ್ ಕೂದಲೆಳೆಯಷ್ಟು ಸೀಳಿ ಹೋಗಿತ್ತು, ಹೆಬ್ಬೆರಳು ಒತ್ತಿದ್ರೆ ಬಾಯಿ ಬಿಡ್ತಿತ್ತು. ನನ್ನದರ ಕಥೆಯೇ ನಂಗೆ ಗೊತ್ತಾಗ್ಲಿಲ್ಲ, ಇನ್ನು ಅಮೆರಿಕದವನದ್ದು ಎಂತ ಗೊತ್ತಾಗುದು? ದುಡ್ಡು ಹಾಕುದಾದ್ರೆ ಹೆಲ್ಮೆಟಿಗೆ ಹಾಕಿ, ಹೊಸತು ತಗೊಳ್ಳಿ. ಹಾಕ್ಕೊಂಡು ಕೈಯಲ್ಲಿ ಆಚೆ ಈಚೆ ತಿರುಗಿಸಿದ್ರೆ ಹಣೆಯ ಚರ್ಮ ಒಟ್ಟಿಗೇ ತಿರುಗ್ಬೇಕು, ಹೆಲ್ಮೆಟ್ ಮಾತ್ರ ತಿರುಗಿದ್ರೆ ಸೈಜ್ ದೊಡ್ಡದಾಯ್ತು.

ಹಾನ್ಸ್ (ಗೂಡಂಗಡಿಯಲ್ಲಿ ಸಿಗುವ ಪ್ಯಾಕೆಟ್ ಅಲ್ಲ!) ತಗೊಳ್ಬಹುದು, ಇಡೀ ಸೆಟ್‌ನಲ್ಲಿ ಲಾಭ ಇರುದೇ ಅದರಲ್ಲಿ. ಬೆಲ್ಟ್ ಮೈಯನ್ನು ಸೀಟಿಗೆ ಕಟ್ಟಿ ಹಿಡೀತದೆ, ತಲೆಯನ್ನು ಯಾರು ಹಿಡಿಯುದು? ಎದುರಿಗೆ ಗುದ್ದಿದಾಗ ಹೆಲ್ಮೆಟ್ ಭಾರದ ಸಮೇತ ತಲೆ ಮುಂದಕ್ಕೆ ಹೋಗಿ ಬುರುಡೆಯ ಬುಡವೇ ಒಡೀತದೆ. ಡೇಲ್ ಅರ್ನ್‌ಹಾರ್ಟ್, ಸ್ಟಾಕ್ ಕಾರ್‌ನ ದೊಡ್ಡ ಹೆಸರು, 2001ರ ಫೆಬ್ರವರಿ 18ಕ್ಕೆ ಡೇಟೋನಾದಲ್ಲಿ ಕೊನೇ ಲ್ಯಾಪ್‌ನಲ್ಲಿ ಹೋದದ್ದು ಇದೇ ಗಾಯದಿಂದ, ಹಾನ್ಸ್ ಹಾಕಿರ್ಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆಯವರು ಕುತ್ತಿಗೆ ಹಿಡಿಯುವ ಸಾಧನ ಕಡ್ಡಾಯ ಮಾಡಿದ್ರು. ತಮಾಷೆ ಎಂತದ್ದು ಅಂದ್ರೆ ಹಾನ್ಸ್ 1980ರ ದಶಕದಲ್ಲೇ ಬಂದಿತ್ತು, ರಾಬರ್ಟ್ ಹಬ್ಬರ್ಡ್ ಅಂತ ಪ್ರೊಫೆಸರ್ ಮತ್ತೆ ಜಿಮ್ ಡೌನಿಂಗ್ ಅಂತ ರೇಸರ್, ಭಾವ-ಭಾವಮೈದ ಸೇರಿ ಮಾಡಿದ್ದು, ಇಪ್ಪತ್ತು ವರ್ಷ ಹೆಚ್ಚಿನವರು ಕಿರಿಕಿರಿ ಆಗ್ತದೆ ಅಂತ ಬದಿಗಿಟ್ಟಿದ್ರು. ನಿಮ್ಮವನದ್ದರಲ್ಲಿ ಎಸ್‌ಎಫ್‌ಐ 38.1 ಟ್ಯಾಗ್ ಇದ್ರೆ ಅದನ್ನು 5 ವರ್ಷಕ್ಕೊಮ್ಮೆ ಮತ್ತೆ ಸರ್ಟಿಫೈ ಮಾಡಿಸ್ಬೇಕು, ಅಲ್ಲೇ ಮಾಡಿಸಿ ತರ್ಲಿ. ಹೆಲ್ಮೆಟಿಗೆ ಅದರ ಕೊಂಡಿ ಹಾಕ್ಲಿಕ್ಕೆ ತೂತು ಫ್ಯಾಕ್ಟರಿಯಿಂದಲೇ ಬಂದಿರ್ಬೇಕು, ಡ್ರಿಲ್ ಹಿಡ್ಕೊಂಡು ನೀವೇ ಕೊರೀಬೇಡಿ.

ಹಾನ್ಸ್ ಹಾಕಿದ ಮೇಲೆ ಬೆಲ್ಟ್ ಕಟ್ಟುವ ಜಾಗವೂ ಸರಿ ಇರ್ಬೇಕು. ಭುಜದ ಪಟ್ಟಿ ಹಿಂದಕ್ಕೆ ಹೆಚ್ಚುಕಮ್ಮಿ ನೇರ ಹೋಗ್ಬೇಕು, 20 ಡಿಗ್ರಿಗಿಂತ ಕೆಳಗೆ ಇಳಿಯುದು ಬೇಡ. ಗ್ಯಾರೇಜಿನವರು ಸುಲಭ ಅಂತ ಹಿಂದಿನ ಸೀಟಿನ ಬುಡಕ್ಕೆ ಬೋಲ್ಟ್ ಹಾಕಿ ಕೊಡ್ತಾರೆ, ಗುದ್ದಿದ್ರೆ ಅದು ಭುಜವನ್ನು ಕೆಳಕ್ಕೆ ಎಳೆದು ಬೆನ್ನುಮೂಳೆ ಜಜ್ಜಿ ಹಾಕ್ತದೆ. ಸೊಂಟದ ಪಟ್ಟಿ ಹೊಟ್ಟೆ ಮೇಲೆ ಅಲ್ಲ, ಸೊಂಟದ ಮೂಳೆ ಮೇಲೆ. ಮತ್ತೆ ಕಾರಿನ ಒಳಗೆ ರೋಲ್ ಬಾರ್‌ಗಳ ಗೂಡು, ಅಂದ್ರೆ ಕೇಜ್ ಮಾಡಿಸುವಾಗ ಹಾರ್ಡ್‌ವೇರ್ ಅಂಗಡಿಯ ಜಿಐ ಪೈಪ್ ಬೇಡವೇ ಬೇಡ, ಜಗತ್ತಿನ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಮುಖ್ಯ ಕಮಾನಿಗೆ 45 ಮಿ.ಮೀ. ಅಡ್ಡಳತೆಯ, 2.5 ಮಿ.ಮೀ. ಗೋಡೆಯ, ಇಲ್ಲಾಂದ್ರೆ 50 ಮಿ.ಮೀ. ಅಡ್ಡಳತೆಯ, 2 ಮಿ.ಮೀ. ಗೋಡೆಯ ಸೀಮ್‌ಲೆಸ್ (ಬೆಸುಗೆ ಗೆರೆ ಇಲ್ಲದ) ಪೈಪ್ ಆಗ್ಬೇಕು. ಕೇಜ್ ಹಾಕಿದ ಕಾರನ್ನು ಹೆಲ್ಮೆಟ್ ಇಲ್ಲದೆ ಎನ್‌ಎಚ್ 66ರಲ್ಲಿ ಓಡಿಸ್ಲಿಕ್ಕೂ ಹೋಗ್ಬೇಡಿ, ಸಣ್ಣ ಗುದ್ದಿಗೇ ತಲೆ ಪೈಪಿಗೆ ಹೊಡೀತದೆ.

ಸೂಟ್ ತಗೊಳ್ಬಹುದು, ನಂಬರ್ ನೋಡಿ. ಎಸ್‌ಎಫ್‌ಐ 3.2ಎ/1 ಅಂತ ಇದ್ರೆ ಅದು ಒಂದೇ ಪದರದ್ದು, ಬೆಂಕಿಯಲ್ಲಿ ಚರ್ಮ ಬೊಬ್ಬೆ ಬರುವಷ್ಟು ಸುಡ್ಲಿಕ್ಕೆ ಮುಂಚೆ ಸುಮಾರು 3 ಸೆಕೆಂಡ್ ಕೊಡ್ತದೆ, 3.2ಎ/5 ಆದ್ರೆ ಸುಮಾರು 10. ಕಣ್ಣು ಮುಚ್ಚಿ ಬೆಲ್ಟ್ ಬಿಚ್ಚಿ ಹೊರಗೆ ಬರ್ಲಿಕ್ಕೆ ನಿಮಗೆ ಎಷ್ಟು ಹೊತ್ತು ಬೇಕು ಅಂತ ಒಮ್ಮೆ ಮನೆ ಅಂಗಳದಲ್ಲಿ ಲೆಕ್ಕ ಹಾಕಿ ನೋಡಿ, ಆಮೇಲೆ /1 ಸೂಟಿಗೆ ದುಡ್ಡು ಕೊಡ್ಲಿಕ್ಕೆ ಮನಸ್ಸೇ ಬರುದಿಲ್ಲ. ನಮ್ಮ ಊರಿನ ಸೆಕೆಗೆ ಒಳಗೆ ಜಿಮ್‌ನ ಪಾಲಿಯೆಸ್ಟರ್ ಟೀಶರ್ಟ್ ಹಾಕುವವರು ಇದ್ದಾರೆ, ಅದು ಕರಗಿ ಮೈಗೆ ಅಂಟ್ತದೆ, ಬೇರೆ ಏನೂ ಇಲ್ಲದಿದ್ರೆ ಕಾಟನ್ ಬನಿಯನ್ ಸಾಕು. ತೊಳೆಯುವಾಗ ಕಂಫರ್ಟ್ ಹಾಕ್ಬೇಡಿ, ಬ್ಲೀಚೂ ಬೇಡ.

ಇನ್ನೊಂದು, ನಮ್ಮಲ್ಲಿ ಈವೆಂಟ್ ನಡೆಯುದು ಭಾರತದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ ಎಫ್‌ಎಂಎಸ್‌ಸಿಐ ಪರ್ಮಿಟ್ ಮೇಲೆ, ಅವರು ಎಫ್‌ಐಎ ಕೆಳಗೆ ಬರುವವರು. ಎಸ್‌ಎಫ್‌ಐ ಟ್ಯಾಗ್ ಮಾತ್ರ ಇರುವ ಸಾಮಾನು ಸ್ಕ್ರುಟಿನಿಯಲ್ಲಿ ಪಾಸ್ ಆಗ್ತದಾ ಅಂತ ಆ ಈವೆಂಟಿನ ರೂಲ್ ಪುಸ್ತಕ ನೋಡಿ, ಆಯೋಜಕರ ಹತ್ರವೂ ಮೊದಲೇ ಕೇಳಿ, ಆಮೇಲೆ ಅಣ್ಣನಿಗೆ ಹೂಂ ಅನ್ನಿ. ಸೂಟ್ ಮತ್ತೆ ಹಾನ್ಸ್‌ನ ಟ್ಯಾಗ್ ಫೋಟೋ ಹತ್ರದಿಂದ ತೆಗೆದು ವಾಟ್ಸಪ್ ಮಾಡ್ಲಿಕ್ಕೆ ಹೇಳಿ, ಟ್ಯಾಗ್ ಕಿತ್ತು ಹೋಗಿದೆ ಅಂದ್ರೆ ಅಲ್ಲಿಗೇ ಬಿಡಿ. ಅವನ ಫ್ರೆಂಡ್ ಫೈರ್ ಎಕ್ಸ್‌ಟಿಂಗ್ವಿಷರೂ ಕೊಡ್ತೇನೆ ಅಂದ್ರೆ ಅದನ್ನು ಏರ್‌ಪೋರ್ಟ್‌ನಲ್ಲಿ ಬಿಡುದಿಲ್ಲ, 2 ಕೆಜಿಯದ್ದು ಮಂಗಳೂರಲ್ಲೇ ತಗೊಂಡು ಕಬ್ಬಿಣದ ಪಟ್ಟಿಯಲ್ಲಿ ಕಾರಿನ ಫ್ಲೋರಿಗೆ ಬೋಲ್ಟ್ ಮಾಡಿಸಿ, ಪ್ಲಾಸ್ಟಿಕ್ ಕ್ಲಿಪ್‌ನಲ್ಲಿ ಅಲ್ಲ.