ನೀರು ಸುರಿಯುವ ಕಣ್ಣಿಗೆ ಒಣಕಣ್ಣು ಎನ್ನುವುದೇಕೆ?

ಕಣ್ಣಿನ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರಗಳು. ನನಗೆ 50 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ಮನೆಯಲ್ಲಿಯೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ದಿನಕ್ಕೆ ನೂರೈವತ್ತು ರೊಟ್ಟಿ ಆಗುವವರೆಗೂ ಒಲೆಯ ಮುಂದಿನಿಂದ ಏಳುವ ಹಾಗಿಲ್ಲ. ಒಂದು ವರ್ಷದಿಂದ ಎರಡೂ ಕಣ್ಣುಗಳಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ, ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಗಾಳಿಗೆ ಹೊರಬಂದರೆ ನೀರು ಧಾರೆಯಾಗಿ ಸುರಿಯುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಿದರೆ ಎರಡು ದಿನ ಕೆಂಪು ಇಳಿದು ಮತ್ತೆ ಮೊದಲಿನಂತೆಯೇ ಆಗುತ್ತದೆ. ಕಣ್ಣಿನ ಶಿಬಿರದಲ್ಲಿ ತೋರಿಸಿದಾಗ ‘ಒಣಕಣ್ಣು’ ಎಂದು ಹೇಳಿ ಬೇರೆ ಹನಿ ಬರೆದುಕೊಟ್ಟರು. ಹದಿನೈದು ದಿನ ಹಾಕಿ, ಗುಣ ಕಾಣದೆ ಬಿಟ್ಟುಬಿಟ್ಟೆ. ಹಿಟ್ಟಿನ ಧೂಳಿಗೆ ಸೀನು ಬರುವುದರಿಂದ ರಾತ್ರಿ ಒಂದು ಸಿಟ್ರಿಜಿನ್ ಮಾತ್ರೆ ನುಂಗುತ್ತೇನೆ. ಮೈ ಕಾವೇರಿ ಬೆವರುವುದರಿಂದ ಮುಖದ ಎದುರಿಗೆ ಕೂಲರ್ ಇಲ್ಲದೆ ನಿದ್ದೆ ಬರುವುದಿಲ್ಲ. ನೆರೆಯವರು ನಂದಿಬಟ್ಟಲ ಹೂವಿನ ರಸ ಬಿಡಲು ಹೇಳುತ್ತಾರೆ. ಮನೆಯವರು ಇದು ಬರೀ ಉಷ್ಣ ಎನ್ನುತ್ತಾರೆ. ನೀರು ಸುರಿಯುವ ಕಣ್ಣಿಗೆ ಒಣಕಣ್ಣು ಎಂದರೆ ನಂಬುವುದು ಹೇಗೆ? ಮುಟ್ಟು ನಿಂತದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಸಂಬಂಧ ಖಂಡಿತವಾಗಿಯೂ ಇದೆ. ಶಿಬಿರದ ವೈದ್ಯರು ಹೇಳಿದ್ದು ಸರಿ ಎಂದೇ ನಿಮ್ಮ ಲಕ್ಷಣಗಳನ್ನು ಓದಿದಾಗ ನನಗೂ ತೋರುತ್ತದೆ. ಆದರೆ ಆ ನಾಲ್ಕೇ ಅಕ್ಷರದ ಹೆಸರಿನ ಅರ್ಥವನ್ನು ಅವರು ಬಿಡಿಸಿ ಹೇಳಲಿಲ್ಲವಾದ್ದರಿಂದ ನೀವು ಚಿಕಿತ್ಸೆಯನ್ನು ನಡುವೆಯೇ ಕೈಬಿಟ್ಟಿರಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಕಣ್ಣಿನ ಮೇಲೆ ಸದಾ ಹರಡಿರುವ ಕಣ್ಣೀರಿನ ತೆಳುಪದರವು ಬರಿಯ ನೀರಲ್ಲ. ಕಣ್ಣಿನ ಮೈಗೆ ನೀರನ್ನು ಹಿಡಿದಿಡುವ ಲೋಳೆ ಅಡಿಯಲ್ಲಿದ್ದರೆ, ನಡುವೆ ನೀರು, ಎಲ್ಲಕ್ಕಿಂತ ಮೇಲೆ ಬಹು ತೆಳುವಾದ ಎಣ್ಣೆಯ ಪೊರೆ ಇರುತ್ತದೆ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವಂತೆ ಈ ಪೊರೆಯು ಕೆಳಗಿನ ನೀರು ಆರಿಹೋಗದಂತೆ ಕಾಯುತ್ತದೆ. ಎಣ್ಣೆಯನ್ನು ಒದಗಿಸುವುದು ರೆಪ್ಪೆಯ ಅಂಚಿನಲ್ಲಿ, ಕೂದಲುಗಳ ಸಾಲಿನ ಹಿಂದೆಯೇ ಬಾಯಿ ತೆರೆದಿರುವ ಮೈಬೋಮಿಯನ್ ಗ್ರಂಥಿಗಳು. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನ ರೆಪ್ಪೆಯಲ್ಲಿ 20ರಿಂದ 30 ಇರುತ್ತವೆ. ಈ ಗ್ರಂಥಿಗಳು ಚೆನ್ನಾಗಿ ಕೆಲಸ ಮಾಡಬೇಕಾದರೆ ಆಂಡ್ರೊಜೆನ್ ಎಂಬ ಹಾರ್ಮೋನು ಬೇಕು. ಅದನ್ನು ಗಂಡಸರ ಹಾರ್ಮೋನು ಎಂದು ಕರೆಯುವುದು ರೂಢಿಯಾದರೂ ಹೆಂಗಸರ ಮೈಯಲ್ಲಿಯೂ ಅದು ಸ್ವಲ್ಪ ಪ್ರಮಾಣದಲ್ಲಿದ್ದು, ವಯಸ್ಸಿನೊಂದಿಗೆ ಕಡಿಮೆಯಾಗುತ್ತಾ ಬರುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೊಜೆನ್ ಕೂಡ ಇಳಿದು ಹಾರ್ಮೋನುಗಳ ಸಮತೋಲವೇ ಬದಲಾಗಿರುತ್ತದೆ. ಆಗ ಗ್ರಂಥಿಯೊಳಗಿನ ಎಣ್ಣೆಯು ಚಳಿಗೆ ಹೆಪ್ಪುಗಟ್ಟಿದ ತುಪ್ಪದಂತೆ ಗಟ್ಟಿಯಾಗಿ ಬಾಯಲ್ಲಿಯೇ ಕಟ್ಟಿಕೊಳ್ಳುತ್ತದೆ. ಎಣ್ಣೆಯ ಪೊರೆ ಹರಿದ ಕಡೆ ನೀರು ಬೇಗ ಆರಿ, ಕಣ್ಣಿನ ಮೈ ಬರಿದಾಗಿ ಚುಚ್ಚುತ್ತದೆ. ಆ ಉರಿಯ ಸುದ್ದಿ ಮಿದುಳಿಗೆ ಮುಟ್ಟಿದೊಡನೆ ದೊಡ್ಡ ಕಣ್ಣೀರ ಗ್ರಂಥಿಯು ಒಮ್ಮೆಲೇ ನೀರು ಸುರಿಸುತ್ತದೆ. ಈರುಳ್ಳಿ ಹೆಚ್ಚುವಾಗ ಬರುವಂಥದ್ದೇ ನೀರು ಅದು. ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಇಳಿದುಹೋಗುತ್ತದೆ. ನಿಮ್ಮ ಕಣ್ಣು ಒಣಗಿದೆ, ಒಣಗಿರುವುದರಿಂದಲೇ ನೀರು ಸುರಿಯುತ್ತಿದೆ.

ನಮ್ಮ ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣಗಾಳಿ ಇದಕ್ಕೆ ಸೇರಿಕೊಳ್ಳುವುದು ನಿಜ. ಆ ಮಟ್ಟಿಗೆ ನಿಮ್ಮ ಮನೆಯವರ ಮಾತಿನಲ್ಲಿ ಸತ್ಯವಿದೆ. ಆದರೆ ಒಂದು ವರ್ಷ ಪೂರ್ತಿ, ಶ್ರಾವಣದಲ್ಲಿಯೂ ಬಿಡದ ಉರಿಯನ್ನು ಉಷ್ಣದ ತಲೆಗೆ ಕಟ್ಟಿ ಕೂರುವುದು ಸರಿಯಲ್ಲ. ಮುಟ್ಟು ನಿಲ್ಲುವ ವಯಸ್ಸಿನ ಎಷ್ಟೋ ಹೆಂಗಸರು ಮೈ ಕಾವು, ನಿದ್ದೆಗೇಡು, ಕೀಲುನೋವುಗಳ ನಡುವೆ ಕಣ್ಣಿನ ಉರಿಯನ್ನು ಎಲ್ಲಕ್ಕಿಂತ ಹಿಂದಕ್ಕೆ ಹಾಕಿ, ಮಗಳ ಬಾಣಂತನ ಮುಗಿಯಲಿ, ಬೆಳೆ ಮನೆಗೆ ಬರಲಿ ಎಂದು ಕಾಯುವುದನ್ನು ನೋಡುತ್ತಲೇ ಇದ್ದೇನೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಕಟ್ಟಿಕೊಂಡ ಗ್ರಂಥಿಗಳು ವರ್ಷಗಟ್ಟಲೆ ಹಾಗೆಯೇ ಉಳಿದರೆ ಕ್ರಮೇಣ ಸೊರಗಿಹೋಗುತ್ತವೆ. ಸೊರಗಿದವು ಮತ್ತೆ ಚಿಗುರುವುದು ಕಷ್ಟ.

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಮಕ್ಕಳ ಕಣ್ಣಿಗೆ ಏನಾದರೂ ತಗುಲಿದಾಗ ನಮ್ಮ ಅವ್ವಂದಿರು ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಯ ಬಿಸಿಯುಸಿರು ಊದಿ ಕಣ್ಣಿಗೆ ಒತ್ತುತ್ತಿದ್ದರು. ನಿಮಗೆ ಬೇಕಾದ ಚಿಕಿತ್ಸೆಯ ತಿರುಳು ಅದರಲ್ಲಿಯೇ ಇದೆ: ಹದವಾದ, ತೇವವುಳ್ಳ ಕಾವು. ಸೆರಗಿನ ಬದಲು ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮುಂಗೈಯ ಒಳಭಾಗ ಸುಖವಾಗಿ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಗಳ ಮೇಲೆ ಇಟ್ಟುಕೊಳ್ಳಿರಿ. ಬಟ್ಟೆ ಒಂದೆರಡು ನಿಮಿಷದಲ್ಲಿ ಆರುವುದರಿಂದ ಮತ್ತೆ ಮತ್ತೆ ಅದ್ದುತ್ತಾ ಒಟ್ಟು ಐದರಿಂದ ಹತ್ತು ನಿಮಿಷ ಕಾವು ಕೊಡಬೇಕು. ಎಣ್ಣೆ ಕರಗಲು ಅಷ್ಟು ಹೊತ್ತು ಬೇಕೇ ಬೇಕು. ಒಲೆಯ ಬದಿಯಲ್ಲಿಯೇ ಇರುತ್ತೀರೆಂದು ಬಟ್ಟೆಯನ್ನು ರೊಟ್ಟಿಯ ಹಂಚಿನ ಮೇಲೆ ಕಾಯಿಸಿ ಒತ್ತಿಕೊಳ್ಳಬೇಡಿರಿ, ರೆಪ್ಪೆಯ ಚರ್ಮ ಬಹಳ ತೆಳು. ಕಾವು ಕೊಟ್ಟ ಕೂಡಲೇ, ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನ ರೆಪ್ಪೆಯನ್ನು ಕೆಳಗಿನಿಂದ ಮೇಲಕ್ಕೆ, ಅಂದರೆ ಎರಡನ್ನೂ ಕೂದಲಿನ ಅಂಚಿನ ಕಡೆಗೆ, ಹಗುರವಾಗಿ ನೀವಿರಿ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅಂಚಿನ ಗೀಜನ್ನು ಒರೆಸಿರಿ. ಬೆಳಿಗ್ಗೆ ಒಮ್ಮೆ, ರೊಟ್ಟಿಯ ಕೆಲಸ ಮುಗಿದ ಮೇಲೆ ಒಮ್ಮೆ ಹೀಗೆ ಮಾಡಬೇಕು. ರೆಪ್ಪೆಯ ಒಳ ಅಂಚಿಗೆ ಕಾಡಿಗೆ ಹಚ್ಚುವ ರೂಢಿಯಿದ್ದರೆ ದಯವಿಟ್ಟು ನಿಲ್ಲಿಸಿರಿ. ನಾವು ತೆರೆಯಲು ಹೆಣಗುವ ಬಾಯಿಗಳನ್ನೇ ಅದು ಮುಚ್ಚುತ್ತದೆ.

ಶಿಬಿರದಲ್ಲಿ ಬರೆದುಕೊಟ್ಟ ಹನಿ ಬಹುಶಃ ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಸೋಡಿಯಂ ಹಯಲುರೊನೇಟ್ ಎಂಬ ಹೆಸರು ಚೀಟಿಯಲ್ಲಿದೆಯೇ ನೋಡಿರಿ. ಇದ್ದರೆ ಅದನ್ನೇ ಮತ್ತೆ ಆರಂಭಿಸಬಹುದು. ಜನೌಷಧಿ ಕೇಂದ್ರದಲ್ಲಿ ಔಷಧಿಯ ಈ ಹೆಸರನ್ನೇ ಹೇಳಿ ಕೇಳಿದರೆ ಖರ್ಚು ಕಡಿಮೆಯಾದೀತು. ಉರಿದಾಗ ಮಾತ್ರ ಹಾಕದೆ ದಿನಕ್ಕೆ ನಾಲ್ಕು ಬಾರಿ, ಮುಖ್ಯವಾಗಿ ಒಲೆಯ ಮುಂದೆ ಕೂರುವ ಮೊದಲೇ ಹಾಕಿಕೊಳ್ಳಬೇಕು. ನಾಲ್ಕು ಬಾರಿಗಿಂತ ಹೆಚ್ಚು ಬೇಕಾದರೆ ಸಂರಕ್ಷಕ ರಾಸಾಯನಿಕವಿಲ್ಲದ ಹನಿಯನ್ನು ಕೇಳಿ ಪಡೆಯಿರಿ, ಏಕೆಂದರೆ ಬಾಟಲಿ ಕೆಡದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇ ಪದೇ ಬಿದ್ದರೆ ಕಣ್ಣನ್ನು ಇನ್ನಷ್ಟು ಕೆರಳಿಸುತ್ತದೆ. ಬೆಳಗಿನ ಅಂಟಿಗೆ ರಾತ್ರಿ ಮಲಗುವಾಗ ಗಟ್ಟಿ ಜೆಲ್ ಒಳ್ಳೆಯದು. ಹದಿನೈದು ದಿನಕ್ಕೆ ಫಲವನ್ನು ಅಳೆಯಬೇಡಿರಿ. ಕಾವು ಮತ್ತು ಹನಿ ಎರಡನ್ನೂ ಎರಡು ಮೂರು ತಿಂಗಳು ತಪ್ಪದೆ ನಡೆಸಿದ ಮೇಲೆಯೇ ವ್ಯತ್ಯಾಸ ಸರಿಯಾಗಿ ತಿಳಿಯುತ್ತದೆ.

ಔಷಧಿ ಅಂಗಡಿಯಿಂದ ತಂದ ಆ ಮೊದಲ ಹನಿಯ ಬಗ್ಗೆ ನನಗೆ ನಿಜವಾಗಿಯೂ ಆತಂಕವಿದೆ. ಎರಡು ದಿನದಲ್ಲಿ ಕೆಂಪು ಇಳಿಸುವ ಹನಿಗಳಲ್ಲಿ ಕೆಲವು ರಕ್ತನಾಳಗಳನ್ನು ಕುಗ್ಗಿಸುವಂಥವು. ಅವುಗಳ ಪ್ರಭಾವ ಮುಗಿದೊಡನೆ ಕೆಂಪು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಇನ್ನು ಕೆಲವು ಸ್ಟೀರಾಯ್ಡ್ ಹನಿಗಳು. ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒಳಒತ್ತಡ ಏರಿ ಗ್ಲಾಕೋಮಾ ಬರಬಹುದು, ಕಣ್ಣಿನ ಪೊರೆಯೂ (ಕ್ಯಾಟರಾಕ್ಟ್) ಬೇಗ ಬೆಳೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಆ ಬಾಟಲಿಯನ್ನು ಎಸೆಯದೆ, ಮುಂದಿನ ಬಾರಿ ಕಣ್ಣಿನ ವೈದ್ಯರ ಬಳಿ ಹೋಗುವಾಗ ಜೊತೆಗೆ ಒಯ್ದು ತೋರಿಸಿ, ಕಣ್ಣಿನ ಒತ್ತಡವನ್ನು ಪರೀಕ್ಷಿಸಿಕೊಳ್ಳಿರಿ. ನಂದಿಬಟ್ಟಲ ರಸವೂ ಬೇಡ. ಒಣಗಿದ ಕಣ್ಣಿನ ಮೈ ಮೊದಲೇ ತರಚಿರುತ್ತದೆ. ಹಿತ್ತಲಿನಿಂದ ಕಿತ್ತು ಹಿಂಡಿದ ರಸದೊಂದಿಗೆ ಶಿಲೀಂಧ್ರವೋ ಬ್ಯಾಕ್ಟೀರಿಯವೋ ಒಳಸೇರಿದರೆ ಕಪ್ಪುಗುಡ್ಡೆಯಲ್ಲಿ ಹುಣ್ಣಾಗುತ್ತದೆ.

ಸಿಟ್ರಿಜಿನ್ ಸೀನನ್ನು ಒಣಗಿಸುವಂತೆ ಕಣ್ಣೀರನ್ನೂ ಕಡಿಮೆ ಮಾಡುತ್ತದೆ. ಹಿಟ್ಟು ನಾದುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಾತ್ರೆಗೆ ಬದಲಿ ಏನಿದೆ ಎಂದು ನಿಮ್ಮ ವೈದ್ಯರನ್ನು ಕೇಳಿರಿ. ಕೂಲರ್ ಗಾಳಿಯಲ್ಲಿ ತೇವವಿದ್ದರೂ ಅದು ರಾತ್ರಿಯಿಡೀ ನೇರವಾಗಿ ಮುಖಕ್ಕೆ ಬಡಿದರೆ ಕಣ್ಣು ಒಣಗುತ್ತದೆ. ಗಾಳಿ ಕಾಲಿನ ಕಡೆಗೆ ಬೀಸುವಂತೆ ತಿರುಗಿಸಿರಿ. ಸೌದೆ ಒಲೆಯಾದರೆ ಹೊಗೆ ಹೊರಹೋಗುವ ದಾರಿ ಮಾಡಿ, ಬೆಂಕಿ ಊದುವಾಗ ಕಣ್ಣನ್ನು ದೂರವಿಡಿರಿ. ಹತ್ತು ರೊಟ್ಟಿಗೊಮ್ಮೆ ಕೈ ನಿಲ್ಲಿಸಿ, ಎರಡು ರೆಪ್ಪೆಗಳೂ ಪೂರ್ತಿ ಸೇರುವಂತೆ ಐದಾರು ಬಾರಿ ನಿಧಾನವಾಗಿ ಮಿಟುಕಿಸಿದರೆ ಎಣ್ಣೆ ಹೊಸದಾಗಿ ಹರಡುತ್ತದೆ. ಅಗಸೆಯ ಚಟ್ನಿಪುಡಿಯನ್ನು ರೊಟ್ಟಿಯೊಂದಿಗೆ ಧಾರಾಳವಾಗಿ ತಿನ್ನಿರಿ, ಅದು ಒಳ್ಳೆಯ ಆಹಾರ. ಒಮೆಗಾ-3 ಗುಳಿಗೆಗಳಿಗೆ ಮಾತ್ರ ಹಣ ಸುರಿಯಬೇಡಿರಿ: 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ 3000 ಮಿಲಿಗ್ರಾಂನಂತೆ ಒಂದು ವರ್ಷ ತೆಗೆದುಕೊಂಡವರಿಗೂ ಅದರ ಬದಲು ಆಲಿವ್ ಎಣ್ಣೆಯ ಗುಳಿಗೆ ನುಂಗಿದವರಿಗೂ ಒಣಕಣ್ಣಿನ ಉಪಶಮನದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಮೂರು ತಿಂಗಳಿಗೂ ಬಗ್ಗದಿದ್ದರೆ ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಹೋಗಿರಿ. ಸೈಕ್ಲೋಸ್ಪೊರಿನ್ ಹನಿ, ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಇಡುವ ಪುಟ್ಟ ಬೆಣೆ, ಹೀಗೆ ಮುಂದಿನ ದಾರಿಗಳಿವೆ. ಕಣ್ಣು ತೀವ್ರವಾಗಿ ನೋಯುವುದು, ಬೆಳಕನ್ನು ತಾಳಲಾಗದಿರುವುದು, ದೃಷ್ಟಿ ಮಂಕಾಗುವುದು, ಕಪ್ಪುಗುಡ್ಡೆಯಲ್ಲಿ ಬಿಳಿ ಚುಕ್ಕೆ ಕಾಣುವುದು, ಇವುಗಳಲ್ಲಿ ಯಾವುದಾದರೊಂದು ಕಂಡರೂ ಅದೇ ದಿನ ಹೊರಡಬೇಕು.

ಪ್ರಶ್ನೆ: ನನಗೆ 48 ವರ್ಷ, ಜೀನ್ಸ್ ಹೊಲಿಗೆ ಕೆಲಸ. ಮೈ ಕಾವು, ಬೆವರಿಗೆಂದು ಸ್ತ್ರೀರೋಗ ತಜ್ಞರು ಹಾರ್ಮೋನು ಮಾತ್ರೆ ಕೊಟ್ಟಿದ್ದಾರೆ. ಇದರಿಂದ ಕಣ್ಣಿನ ಉರಿಯೂ ಹೋಗುತ್ತದೆಯೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಅದನ್ನು ನಂಬಿ ಕಣ್ಣಿನ ಆರೈಕೆಯನ್ನು ಬಿಡಬೇಡಿರಿ. ಅಮೆರಿಕದಲ್ಲಿ ಮುಟ್ಟು ನಿಂತ 25 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಕುರಿತ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದವರಲ್ಲಿ ಒಣಕಣ್ಣಿನ ಸಂಭವ ಶೇ. 69ರಷ್ಟು, ಜೊತೆಗೆ ಪ್ರೊಜೆಸ್ಟರಾನ್ ಕೂಡ ಇದ್ದವರಲ್ಲಿ ಶೇ. 29ರಷ್ಟು ಹೆಚ್ಚಾಗಿರುವುದು ಕಂಡುಬಂದಿತು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಕೂಡದು. ಅದನ್ನು ಕೊಟ್ಟ ಕಾರಣ ಬೇರೆ, ಅದರ ಲಾಭವೂ ಬೇರೆ. ಮಾತ್ರೆ ಆರಂಭಿಸಿದ ಮೇಲೆ ಕಣ್ಣಿನ ಉರಿ ಹೆಚ್ಚಾಗಿದೆಯೇ ಎಂಬುದನ್ನು ಗಮನಿಸಿ ತಜ್ಞರಿಗೆ ತಿಳಿಸಿರಿ. ಸೂಜಿಯ ಮೇಲೆ ದೃಷ್ಟಿ ನೆಟ್ಟಾಗ ರೆಪ್ಪೆ ಬಡಿಯುವುದೇ ಮರೆತುಹೋಗುತ್ತದೆ, ಬಟ್ಟೆಯ ನೂಲುಧೂಳು ಬೇರೆ. ಸಿಂಧನೂರಿನ ಸಹೋದರಿಗೆ ಹೇಳಿದ ಕಾವು, ಹನಿ, ಮಿಟುಕಿಸುವ ಅಭ್ಯಾಸ ನಿಮಗೂ ಅನ್ವಯಿಸುತ್ತವೆ.

ಪ್ರಶ್ನೆ: ಶಾಲಾ ಶಿಕ್ಷಕಿ, 52 ವರ್ಷ. ಕಣ್ಣಿನ ಜೊತೆಗೆ ಬಾಯಿಯೂ ಒಣಗುತ್ತದೆ. ನೀರು ಕುಡಿಯದೆ ಒಣರೊಟ್ಟಿ ಗಂಟಲಿಗೆ ಇಳಿಯುವುದಿಲ್ಲ. ಬೆರಳ ಗೆಣ್ಣುಗಳು ನೋಯುತ್ತವೆ. ಇದೂ ಮುಟ್ಟು ನಿಂತದ್ದರಿಂದಲೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಇರಲಿಕ್ಕಿಲ್ಲ. ಕಣ್ಣು, ಬಾಯಿ ಎರಡೂ ಒಣಗಿ ಕೀಲುನೋವೂ ಸೇರಿದರೆ ಶೋಗ್ರೆನ್ ಕಾಯಿಲೆಯನ್ನು ಮೊದಲು ಪರೀಕ್ಷಿಸಿ ನೋಡಬೇಕು. ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಈ ಕಾಯಿಲೆ ಇದೇ ವಯಸ್ಸಿನ ಹೆಂಗಸರಲ್ಲಿ ಹೆಚ್ಚು. 1933ರಲ್ಲಿ ಇದನ್ನು ವಿವರವಾಗಿ ಬರೆದ ಹೆನ್ರಿಕ್ ಶೋಗ್ರೆನ್ ಸ್ವೀಡನ್ನಿನ ಕಣ್ಣಿನ ವೈದ್ಯರೇ ಆಗಿದ್ದರು. ಸಕ್ಕರೆ ಕಾಯಿಲೆ, ಕೆಲವು ಮಾತ್ರೆಗಳು ಕೂಡ ಬಾಯಿ ಒಣಗಿಸಬಲ್ಲವು. ಕೆಳರೆಪ್ಪೆಯಲ್ಲಿ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತೆಂದು ಅಳೆಯುವ ಶಿರ್ಮರ್ ಪರೀಕ್ಷೆಯನ್ನು ಕಣ್ಣಿನ ವೈದ್ಯರು ಮಾಡುತ್ತಾರೆ. ಐದಕ್ಕಿಂತ ಕಡಿಮೆ ಬಂದರೆ ನೀರಿನ ಕೊರತೆ ತೀವ್ರವಾಗಿದೆ ಎಂದರ್ಥ. ರಕ್ತ ಪರೀಕ್ಷೆಗಳನ್ನು ಫಿಜಿಷಿಯನ್ ಬರೆದುಕೊಡುತ್ತಾರೆ. ಇಬ್ಬರನ್ನೂ ಈ ತಿಂಗಳೊಳಗೆ ಕಾಣಿರಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಹಲ್ಲು ಬೇಗ ಹುಳುಕಾಗುವುದರಿಂದ ದಂತವೈದ್ಯರಿಗೂ ಒಮ್ಮೆ ತೋರಿಸಿರಿ.